ಅಪ್‌ಡೇಟ್: ಅವ್ವ ಜರ್ಮನಿ ಮುಟ್ಟಿದಳು, ಕುಂದಾ ಬೆಳಗಾವಿಯಲ್ಲೇ ಉಳಿಯಿತು

ಜರ್ಮನಿಯಲ್ಲಿರುವ ಅಕ್ಕನ ಮನೆಗೆ ಹೊರಟ ಅವ್ವನ ಬ್ಯಾಗಿಗೆ ತಿನ್ನೋದು ಏನೇನು ಹಾಕಬಹುದು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಅವ್ವ ಆರಾಮಾಗಿ ಮುಟ್ಟಿದ್ದಾಳೆ.

ಕುಂದಾ ಬಿಡಬೇಕಾಯಿತು. ನಮ್ಮ ಕಡೆಯಿಂದ ಯುರೋಪಿಯನ್ ಯೂನಿಯನ್ ದೇಶಗಳಿಗೆ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಮಕ್ಕಳ ಹಾಲಿನಪುಡಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಕುಂದಾ ಅಂದರೆ ಹಾಲೇ ಅಲ್ವಾ! ತುಪ್ಪಕ್ಕೂ ಅದೇ ಗತಿ. "ಮಗಳಿಗೆ ಒಯ್ಯಾಕೂ ಕಾನೂನೇನು?" ಅಂತ ಅವ್ವ ಗೊಣಗಿದಳು. ಒಣಕೊಬ್ಬರಿಯನ್ನೂ ತೆಗೆದೆವು. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹಿಡಿಯುವ ಭಯಕ್ಕೆ ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ.

ಗೆದ್ದದ್ದು ಕಡಕ್ ರೊಟ್ಟಿ. ಪುಡಿಪುಡಿ ಆಗುತ್ತದೆ ಅಂತ ಹೆದರಿಸಿದವರೇ ಜಾಸ್ತಿ. ಅವ್ವ ಅಗಲವಾದ ಸ್ಟೀಲ್ ಡಬ್ಬಿಯ ತಳಕ್ಕೆ ಹಳೆ ಇಳಕಲ್ ಸೀರೆಯ ತುಂಡು ಹಾಸಿ, ರೊಟ್ಟಿ ಜೋಡಿಸಿ, ಸುತ್ತಲಿನ ಸಂದಿಗೆಲ್ಲ ಶೇಂಗಾ ಚಟ್ನಿಪುಡಿಯ ಪಾಕೀಟು ತುರುಕಿದಳು. ಅಲುಗಾಡಲು ಜಾಗವೇ ಇಲ್ಲ. ಒಂದೆರಡರ ಅಂಚು ಮುರಿದಿತ್ತು, ಅಷ್ಟೇ.

ಪವರ್‌ಬ್ಯಾಂಕ್ ಕೈಬ್ಯಾಗಿನಲ್ಲೇ ಇರಬೇಕು ಅಂದಿದ್ದು ಉಪಯೋಗಕ್ಕೆ ಬಂತು. ಬಿಪಿ ಮಾತ್ರೆ, ಡಾಕ್ಟರ ಚೀಟಿಯನ್ನೂ ಅಲ್ಲೇ ಇಟ್ಟೆವು. ಉಪ್ಪಿನಕಾಯಿ ಮಾತ್ರ ಚೆಕ್-ಇನ್‌ಗೆ ಹೋಯಿತು. ಕೈಬ್ಯಾಗಿನಲ್ಲಿ ಅಂಥದ್ದು 100 ಮಿಲಿ ದಾಟುವಂತಿಲ್ಲ, ನಮ್ಮವ್ವನ ಬರಣಿ ನೋಡಿದರೆ ಸೆಕ್ಯುರಿಟಿಯವರು ನಕ್ಕೇಬಿಡುತ್ತಿದ್ದರು.