ಪಿಕ್ ಅಪ್‌ಗೆ ಎಷ್ಟು ಅರ್ಥ ಮಾರಾಯ್ರೇ?

ಬೆಣ್ಣೆದೋಸೆ:
ಮೊನ್ನೆ ಟೀಮ್ ಊಟ ಇತ್ತು. ಅಮೆರಿಕದಿಂದ ಬಂದಿದ್ದ ಮ್ಯಾನೇಜರ್ ಊಟ ಮುಗಿದ ಮೇಲೆ "ಐ ವಿಲ್ ಪಿಕ್ ಅಪ್ ದ ಟ್ಯಾಬ್" ಅಂದರು. ಟೇಬಲ್ ಮೇಲೆ ನನ್ನ ಟ್ಯಾಬ್ ಇತ್ತು, ಪಾಪ ಏನೋ ನೋಡಬೇಕೇನೋ ಅಂತ ಲಾಕ್ ತೆಗೆದು ಕೈಗೇ ಕೊಟ್ಟೆ! ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಮಾರನೇ ದಿನ ಅವರದೇ ಮೇಲ್, "ಸೇಲ್ಸ್ ಹ್ಯಾವ್ ಪಿಕ್ಡ್ ಅಪ್" ಅಂತ. ಯಾರು ಏನನ್ನು ಎತ್ತಿದರು? ನನಗೆ ಗೊತ್ತಿರುವುದು ಕ್ಯಾಬ್ ಪಿಕಪ್, ಬೈಕ್ ಪಿಕಪ್ ಎರಡೇ. ಲಿಸ್ಟ್ ಬಾಯಿಪಾಠ ಮಾಡಿ ಅನ್ನಬೇಡಿ, ಅದು ನನ್ನ ಕೈಲಾಗಲ್ಲ.

ಟೀಚರಮ್ಮ:
ಟ್ಯಾಬ್ ಅಂದರೆ ಅಲ್ಲಿ ಹೋಟೆಲ್ ಬಿಲ್ಲು ಕಣಮ್ಮ. "ಬಿಲ್ ನಂದು" ಅಂದರು ಅಷ್ಟೇ. ಲಿಸ್ಟ್ ಬೇಡ, ಒಂದು ನೋಡಿಕೋ ಸಾಕು: ಪಿಕ್ ಅಪ್ ಮಾಡಿದ್ದು ಏನನ್ನು ಅಂತ ಅಲ್ಲಿ ಹೇಳಿದ್ದಾರಾ? ಮಗು ಅಂತಿದ್ದರೆ ಎತ್ತಿಕೊಳ್ಳುವುದು, ಇಲ್ಲಾ ಸ್ಕೂಲಿಂದ ಕರೆದುಕೊಂಡು ಬರುವುದು. ಹಾಲು ಅಂತಿದ್ದರೆ ಬರುವಾಗ ದಾರಿಯಲ್ಲಿ ತರುವುದು. ತಮಿಳು ಅಂತಿದ್ದರೆ ಕ್ಲಾಸಿಗೆ ಹೋಗದೆ ಕೇಳಿ ಕೇಳಿಯೇ ಕಲಿಯುವುದು. ನೆಗಡಿ ಅಂತಿದ್ದರೆ ಎಲ್ಲಿಂದಲೋ ಅಂಟಿಸಿಕೊಂಡು ಬರುವುದು. ಏನನ್ನು ಅಂತ ಹೇಳದೆ ಸುಮ್ನೆ ವ್ಯಾಪಾರ, ಗಾಳಿ, ಮಾರಾಟ ಪಿಕ್ ಅಪ್ ಆಯ್ತು ಅಂದರೆ, ಮಂಕಾಗಿದ್ದದ್ದು ಚೇತರಿಸಿಕೊಂಡಿತು ಅಥವಾ ಜೋರಾಯಿತು ಅಂತ. ಸೇಲ್ಸ್ ಮೇಲ್ ಅದೇ. ಖುಷಿ ಸುದ್ದಿ, ಗಾಬರಿ ಆಗಬೇಡ. ಆದರೆ ಫೋನ್ ರಿಂಗಾಗುವಾಗ ಬರೀ "ಪಿಕ್ ಅಪ್!" ಅಂದರೆ ಫೋನ್ ಎತ್ತು ಅಂತ. ಅಲ್ಲಿ ಹೇಳೋದೇ ಬೇಡ, ಕಣ್ಣೆದುರೇ ಇರುತ್ತದೆ.

ಮಂಡ್ಯದವನು:
ಬೈಕ್ ಪಿಕಪ್ಪೂ ಅದೇ ಜಾತಿ, ಸ್ಪೀಡ್ ಪಿಕ್ ಅಪ್ ಮಾಡುತ್ತಲ್ಲ. ಇಂಗ್ಲಿಷನ್ನೇ ಯಾಕೆ ಬೈತೀರಿ, ನಮ್ಮ 'ಎತ್ತು' ಏನು ಕಡಿಮೆ? ಮೂಟೆ ಎತ್ತುತ್ತೇವೆ, ಫೋನ್ ಎತ್ತುತ್ತೇವೆ, ಮದುವೆ ಮಾತು ಎತ್ತುತ್ತೇವೆ, ಚೀಟಿ ದುಡ್ಡು ಎತ್ತುತ್ತೇವೆ. ಪೊಲೀಸರು ರಾತ್ರಿ ಬಂದು ಎತ್ತಾಕಿಕೊಂಡು ಹೋದರು ಅಂತೀವಿ, ಇಂಗ್ಲಿಷಲ್ಲೂ ಪೊಲೀಸರು ಪಿಕ್ ಅಪ್ಪೇ ಮಾಡುವುದು. ಇದನ್ನೆಲ್ಲ ನಮಗೆ ಯಾರಾದರೂ ಲಿಸ್ಟ್ ಮಾಡಿ ಕಲಿಸಿದರಾ?

ರಾತ್ರಿಪಾಳಿ:
ಎರಡು ಎಚ್ಚರಿಕೆ. "ಪಿಕ್ ಅಪ್ ಮಿ ಅಟ್ ಸಿಕ್ಸ್" ಅಂತ ಬರೆಯಬೇಡಿ, "ಪಿಕ್ ಮಿ ಅಪ್" ಆಗಬೇಕು. ಮಿ, ಹಿಮ್, ಇಟ್ ಇಂಥವು ಯಾವಾಗಲೂ ನಡುವೆ ಕೂರುತ್ತವೆ. ಫೋನ್, ಮಗು ಅಂತ ಹೆಸರೇ ಹೇಳಿದರೆ ನಡುವೆಯೂ ಸರಿ, ಕೊನೆಗೂ ಸರಿ. ಇನ್ನೊಂದು, "ಬಾರಲ್ಲಿ ಒಂದು ಹುಡುಗಿಯನ್ನು ಪಿಕ್ ಅಪ್ ಮಾಡಿದೆ" ಅಂದರೆ ಮನೆಗೆ ಡ್ರಾಪ್ ಕೊಟ್ಟೆ ಅಂತ ಯಾರೂ ತಿಳಿಯಲ್ಲ. ಪರಿಚಯವಿಲ್ಲದವಳನ್ನು ಮಾತಾಡಿಸಿ ಪಟಾಯಿಸಿದೆ ಅಂತಲೇ ಅರ್ಥ. ನಮ್ಮ ಫ್ಲೋರಲ್ಲಿ ಒಬ್ಬ ಕ್ಲೈಂಟ್ ಕಾಲಲ್ಲೇ ಹೀಗೆ ಅಂದುಬಿಟ್ಟಿದ್ದ, ಪಾಪ ಅವನು ಹೇಳಿದ್ದು ತಂಗಿ ವಿಷಯ.

ಬೆಣ್ಣೆದೋಸೆ:
ಅಯ್ಯೋ ತಂಗಿನಾ 😂 ಈಗ ಇನ್ನೊಂದು ಮೇಲ್ ಬಂತು, "ಲೆಟ್ಸ್ ಪಿಕ್ ದಿಸ್ ಅಪ್ ಟುಮಾರೋ". ನಿಲ್ಲಿಸಿದ ಮಾತನ್ನು ನಾಳೆ ಮುಂದುವರಿಸೋಣ ಅಂತ ತಾನೇ? ಸರಿ ಇದ್ದರೆ ಹೇಳಿ, ಓಕೆ ಅಂತ ಹಾಕಿ ಮನೆಗೆ ಹೊರಡುತ್ತೇನೆ.

ಟೀಚರಮ್ಮ:
ಹೊರಡು ತಾಯಿ.