ಪದ ಬೇಕು, ಇವತ್ತೇ: ಪ್ರೋಸ್ಟೇಟ್ ‘ವೀಕ್ಕಂ’

ಬದಿಯಡ್ಕದಿಂದ:
ಆದಿತ್ಯವಾರ ನಮ್ಮ ಗ್ರಂಥಾಲಯದಲ್ಲಿ 60 ದಾಟಿದ ಗಂಡಸರಿಗೆ ಪ್ರೋಸ್ಟೇಟ್ ಗ್ರಂಥಿಯ ಪಿಎಸ್‌ಎ ರಕ್ತಪರೀಕ್ಷೆ. ಮಲಯಾಳ ನೋಟೀಸಿನಲ್ಲಿ ‘ಪ್ರೋಸ್ಟೇಟ್ ವೀಕ್ಕಂ’ ಎಂದಿದೆ, ಗ್ರಂಥಿ ಊದಿಕೊಳ್ಳುವುದು ಎಂದರ್ಥ. ಕನ್ನಡದ್ದು ರಾತ್ರಿಯೊಳಗೆ ಪ್ರೆಸ್ಸಿಗೆ ಹೋಗಬೇಕು. ‘ಬಾವು’ ಎಂದರೆ ಕೀವಾಗಿದೆ ಅಂದುಕೊಳ್ಳುತ್ತಾರೆ, ‘ಗೆಡ್ಡೆ’ ಎಂದರೆ ಕ್ಯಾನ್ಸರೇ. ಒಬ್ಬರು ‘ಸೌಮ್ಯ ಹಿಗ್ಗುವಿಕೆ’ ಎಂದು ಬರೆದುಕೊಟ್ಟರು. ನನ್ನ ಮಾವ ಓದಿ, “ಇದೆಂತ, ಮದುವೆ ಕಾಗದವಾ?” ಎಂದರು. ಪಿಎಸ್‌ಎಗೆ ‘ಕ್ಯಾನ್ಸರ್ ಸೂಚಕ’ ಎಂದು ಹಾಕಿದ್ದೇನೆ, ಸಾಕಲ್ಲ?

ಕುಂಬಳೆಯಿಂದ:
ಬೀಗು. ಮಲಯಾಳದ ವೀಙ್ಙುಕ, ನಮ್ಮ ಬೀಗು ಒಂದೇ ಬೇರಿನವು. ವಿಲ್ಲ್–ಬಿಲ್ಲು, ವೇರ್–ಬೇರು ಇದ್ದ ಹಾಗೆ. ಮನೆಯಲ್ಲೇ ಇರುವುದನ್ನು ನೆರೆಮನೆಯಿಂದ ಕಡ ತರುವುದೇಕೆ? ‘ಪ್ರೋಸ್ಟೇಟ್’ ಕೂಡ ಬೇಡ. ಗ್ರೀಕಿನಲ್ಲಿ ಅದು ‘ಮುಂದೆ ನಿಂತವನು’, ಮೂತ್ರಕೋಶದ ಬಾಯಲ್ಲಿ ನಿಂತಿದೆಯಲ್ಲ. ಹಿಂದಿಯವರು ‘ಪುರಃಸ್ಥ ಗ್ರಂಥಿ’ ಮಾಡಿಕೊಂಡರು. ನಾವು ‘ಮುಂಗಂಟು’ ಎನ್ನೋಣ.

ಪೆರ್ಲದಿಂದ:
ಮಾಷ್ಟ್ರೇ, ‘ಮುಂಗಂಟು’ ಎಂದು ಬರೆದರೆ ಒಬ್ಬ ಅಜ್ಜನೂ ಆ ಕಡೆ ತಲೆ ಹಾಕುವುದಿಲ್ಲ. ಲ್ಯಾಬಿನಲ್ಲಿ ಕೆಲಸ ಮಾಡಿದವಳು ಹೇಳುತ್ತಿದ್ದೇನೆ.

ತಪ್ಪಿರುವುದು ‘ಕ್ಯಾನ್ಸರ್ ಸೂಚಕ’ದಲ್ಲಿ. ಪಿಎಸ್‌ಎಯ (ಪ್ರೋಸ್ಟೇಟ್ ಸ್ಪೆಸಿಫಿಕ್ ಆಂಟಿಜೆನ್) ನಡುವಿನ ಅಕ್ಷರ ‘ಸ್ಪೆಸಿಫಿಕ್’, ಅಂದರೆ ‘ವಿಶಿಷ್ಟ’ ಎಂಬುದಕ್ಕೆ. ಆ ಪ್ರೋಟೀನು ಗ್ರಂಥಿಗೆ ವಿಶಿಷ್ಟ, ಕ್ಯಾನ್ಸರಿಗಲ್ಲ. ವಯಸ್ಸಾಗಿ ಗ್ರಂಥಿ ಬರೇ ದೊಡ್ಡದಾದರೂ ಏರುತ್ತದೆ, ಮೂತ್ರದ ಸೋಂಕಾದರೂ ಏರುತ್ತದೆ. ಮಿಲಿಲೀಟರಿಗೆ 4 ನ್ಯಾನೊಗ್ರಾಂ ಎಂಬ ಹಳೆಯ ಗೆರೆ ದಾಟಿದವರೆಲ್ಲ ರೋಗಿಗಳಲ್ಲ. ಗ್ರಂಥಿ ಕುಗ್ಗಿಸುವ ಫಿನಾಸ್ಟರೈಡ್ ಗುಳಿಗೆಯನ್ನು ಆರು ತಿಂಗಳಿಗೂ ಹೆಚ್ಚು ನುಂಗಿದವರಲ್ಲಿ ಅಂಕೆ ಸುಮಾರು ಅರ್ಧಕ್ಕಿಳಿದಿರುತ್ತದೆ. ‘ಯಾವ ಮದ್ದು ತೆಗೆದುಕೊಳ್ಳುತ್ತೀರಿ ತಿಳಿಸಿ’ ಎಂದೊಂದು ಸಾಲು ಸೇರಿಸಿ. ‘ಸೌಮ್ಯ’ ಬಿಟ್ಟು ‘ಅಪಾಯವಿಲ್ಲದ’ ಎಂದೂ ಹಾಕಬೇಡಿ, ಮೂತ್ರ ಕಟ್ಟಿ ನಡುರಾತ್ರಿ ಆಸ್ಪತ್ರೆಗೆ ಓಡುವವರು ಗ್ರಂಥಿ ದೊಡ್ಡದಾದ ಇವರೇ. ‘ಕ್ಯಾನ್ಸರ್ ಅಲ್ಲದ’ ಸಾಕು.

ಮಂಜೇಶ್ವರದಿಂದ:
ಬೀಗು ಸತ್ತ ಪದ. ಈಗ ಬೀಗುವುದು ಜಂಬಕ್ಕೆ ಮಾತ್ರ.

ಕುಂಬಳೆಯಿಂದ:
ದನ ಸಾಕಿದವರನ್ನು ಕೇಳಿ, ಕೆಚ್ಚಲು ಬೀಗುತ್ತದೋ ಇಲ್ಲವೋ. ಸತ್ತಿದ್ದಲ್ಲ, ನಾವು ಬಿಟ್ಟದ್ದು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಬೋರ್ಡಿಗೆ, ಅರ್ಜಿಗೆ ಕನ್ನಡ ಬೇಕೆಂದು ಕೂಗುತ್ತಲೇ ಇದ್ದೇವೆ. ಕೊಟ್ಟರೆ ಅದರಲ್ಲಿ ಬರೆಯುವುದು ಏನನ್ನು, ‘ಪ್ರೋಸ್ಟೇಟ್’, ‘ಕ್ಯಾಂಪ್’, ‘ನೋಟೀಸ್’?

ಮಂಜೇಶ್ವರದಿಂದ:
‘ಅರ್ಜಿ’ ಯಾವ ಊರಿನದು ಮಾಷ್ಟ್ರೇ? ಅರಬಿ.

ಬದಿಯಡ್ಕದಿಂದ:
‘ಪ್ರೋಸ್ಟೇಟ್ ಗ್ರಂಥಿ ದೊಡ್ಡದಾಗುವುದು (ಕ್ಯಾನ್ಸರ್ ಅಲ್ಲದ್ದು)’ ಎಂದು ಕಳಿಸಿದೆ. ಸೂಚಕ ತೆಗೆದೆ, ಮದ್ದಿನ ಸಾಲು ಹಾಕಿದೆ. ಪೆರ್ಲದ ಅಕ್ಕನಿಗೆ ಉಪಕಾರ. ಮಾವ ‘ಮುಂಗಂಟು’ ಕೇಳಿ ಇನ್ನೂ ನಗುತ್ತಿದ್ದಾರೆ.

ಕುಂಬಳೆಯಿಂದ:
ನಗಲಿ. ‘ದೊಡ್ಡದಾಗುವುದು’ ಪದವಲ್ಲ, ವಿವರಣೆ.