ಎಟಿವಿಯ ಹಿಂದಿನ ಬ್ರೇಕ್ ಕಿರುಚುತ್ತದೆ, ಎಂತ ಮಾಡುವುದು?

ಮಟ್ಟು ಗದ್ದೆ:

ನಮ್ಮದು ಕಟಪಾಡಿ ಹತ್ತಿರ ಮಟ್ಟು, ಗುಳ್ಳ ಬದನೆ ಬೆಳೆಯುವವರು. ಗದ್ದೆಯಿಂದ ಅಂಗಳಕ್ಕೆ ಗೋಣಿ ತರ್ಲಿಕ್ಕೆ ಒಂದು 125 ಸಿಸಿ ಎಟಿವಿ (ಕಚ್ಚಾ ದಾರಿಯಲ್ಲಿ ಓಡುವ ನಾಲ್ಕು ಚಕ್ರದ ಬೈಕ್) ಉಂಟು, ಹಿಂದೆ ಸಣ್ಣ ಟ್ರೈಲರ್ ಸಿಕ್ಕಿಸಿ ಓಡಿಸುವುದು. ಚೈನ್ ಗಾಡಿ. ಮುಂದಿನ ಎರಡು ಚಕ್ರಕ್ಕೆ ಡ್ರಮ್, ಹಿಂದಿನ ಆಕ್ಸಲ್‌ಗೆ ಒಂದೇ ಡಿಸ್ಕ್.

ಮಳೆ ನಿಂತ ಮೇಲೆ ಹಿಂದಿನ ಬ್ರೇಕ್ ಹಿಡಿದ ಕೂಡ್ಲೆ ಕೀಂಯ್ ಅಂತ ಕಿರುಚ್ತದೆ. ಗಾಡಿ ನಿಲ್ತದೆ, ಆದರೆ ಲೋಡ್ ಇದ್ದಾಗ ಮೊದಲಿನ ಹಿಡಿತ ಇಲ್ಲ. ನೀರು ಹಾಕಿ ತೊಳೆದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಶುರು. ಪ್ಯಾಡ್ ಇಣುಕಿ ನೋಡಿದೆ, ದಪ್ಪ ಇನ್ನೂ ಉಂಟು. ರಿಜಿಸ್ಟ್ರೇಷನ್ ಇಲ್ಲದ ಗಾಡಿ, ರಸ್ತೆಗೆ ಇಳಿಸಿ ಗ್ಯಾರೇಜಿಗೆ ಕೊಂಡುಹೋಗುವ ಹಾಗಿಲ್ಲ. ಪಕ್ಕದ ಮನೆಯಲ್ಲಿ ಹುಷಾರಿಲ್ಲದ ಅಜ್ಜಿ ಇದ್ದಾರೆ. ನಾನು ಬೆಳಗಾಗುವ ಮೊದಲೇ ಗದ್ದೆಗೆ ಹೊರಡುವುದು, ಆ ಸದ್ದಿಗೆ ಅವರಿಗೆ ಎಚ್ಚರ ಆಗ್ತದೆ. ಮನೆಯಲ್ಲೇ ಸರಿ ಮಾಡ್ಲಿಕ್ಕೆ ಆಗ್ತದಾ? ಬೈಕಿನ ಸಣ್ಣಪುಟ್ಟ ಕೆಲಸ ನನಗೆ ಗೊತ್ತುಂಟು.

ಮಲ್ಪೆ ರೈಡರ್:

ಪ್ಯಾಡ್ ಬದಲಿಸಿ, ಸಿಂಟರ್ಡ್ (ಲೋಹದ ಪುಡಿ ಒತ್ತಿ ಮಾಡಿದ್ದು) ಹಾಕಿ. ಹೊಯ್ಗೆಯಲ್ಲಿ ಸಾದಾ ಪ್ಯಾಡ್ ಬಾಳಿಕೆ ಬರುದಿಲ್ಲ.

ಸ್ಪ್ಯಾನರ್ ಕಾಪು:

ಅಣ್ಣ, ಬಿಚ್ಚಿ ನೋಡದೆ ಪ್ಯಾಡ್ ತರಬೇಡಿ. ಹೊಸದು ಹಾಕಿದರೆ ನಾಲ್ಕು ದಿನ ಚಂದ ಇದ್ದು ಅದೂ ಹಾಗೇ ಆದೀತು.

ಬರೀ ಸದ್ದು ಮಾತ್ರ ಇದ್ದು ಹಿಡಿತ ಸರಿ ಇದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಪ್ಯಾಡ್ ಡಿಸ್ಕಿಗೆ ಹಿಡಿದು-ಜಾರಿ, ಹಿಡಿದು-ಜಾರಿ ನಡುಗುವುದೇ ಆ ಕಿರುಚಾಟ. ನಿಮ್ಮದರಲ್ಲಿ ಹಿಡಿತವೂ ಕಡಿಮೆ ಆಗಿದೆ. ಹಾಗಾದರೆ ಪ್ಯಾಡಿನ ಮುಖ ಕಾದು ಗಾಜಿನ ಹಾಗೆ ನಯ ಆಗಿರಬೇಕು, ಇಲ್ಲಾ ಎಣ್ಣೆ ಕುಡಿದಿರಬೇಕು, ಇಲ್ಲಾ ಕ್ಯಾಲಿಪರ್, ಅಂದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಹಿಡಿ, ಒಂದೇ ಬದಿಯಿಂದ ಒತ್ತುತ್ತಿರಬೇಕು. ಎರಡು ವಿಷಯ ಹೇಳಿ. ನೀವು ನೋಡಿದ್ದು ಒಳಗಿನ ಪ್ಯಾಡಾ, ಹೊರಗಿನದ್ದಾ? ಚೈನಿಗೆ ಎಣ್ಣೆ ಯಾರು ಹಾಕುವುದು, ಹೇಗೆ? ಈ ಗಾಡಿಗಳಲ್ಲಿ ಸ್ಪ್ರಾಕೆಟ್ ಮತ್ತು ಡಿಸ್ಕ್ ಒಂದೇ ಆಕ್ಸಲ್ ಮೇಲೆ ಇರ್ತದೆ, ಚೈನಿನಿಂದ ಸಿಡಿದ ಎಣ್ಣೆ ಸೀದಾ ಡಿಸ್ಕಿಗೆ.

ಬಿಚ್ಚುವಾಗ ಗಾಡಿಯನ್ನು ಕೆಂಪುಕಲ್ಲಿನ ಮೇಲೆ ಕೂರಿಸಬೇಡಿ, ಅದು ಒಡೆದು ಜಾರ್ತದೆ. ಗಟ್ಟಿ ಮರದ ಕೊರಡು ಕೊಡಿ, ಮುಂದಿನ ಚಕ್ರಕ್ಕೆ ಅಡೆ ಇಡಿ. ಕ್ಯಾಲಿಪರ್ ತೆಗೆದ ಮೇಲೆ ಅದನ್ನು ಹೋಸ್‌ನಲ್ಲಿ ನೇತಾಡಿಸಬೇಡಿ, ತಂತಿಯಲ್ಲಿ ಫ್ರೇಮಿಗೆ ಕಟ್ಟಿ. ಧೂಳಿಗೆ ಗಾಳಿ ಹೊಡೆಯಬೇಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ರೇಕ್ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಈಗ ಮುಖ್ಯ ಕೆಲಸ, ಸ್ಲೈಡ್ ಪಿನ್. ಕ್ಯಾಲಿಪರ್ ಆಚೀಚೆ ಸರಿಯುವುದು ಆ ಪಿನ್‌ಗಳ ಮೇಲೆ. ಕಡಲ ಬದಿಯ ಗಾಡಿಯಲ್ಲಿ ಮೊದಲು ಕೆಡುವುದು ಇದೇ: ಉಪ್ಪಿನ ಗಾಳಿಗೆ ತುಕ್ಕು ಬರ್ತದೆ, ಅದರ ಮೇಲೆ ಹೊಯ್ಗೆ ಕೂರ್ತದೆ. ಎಳೆದು ತೆಗೆದು ನಯವಾದ ಎಮರಿ ಪೇಪರಿನಲ್ಲಿ ತುಕ್ಕು ಬಿಡಿಸಿ, ಬ್ರೇಕಿಗೆಂದೇ ಸಿಗುವ ಸಿಲಿಕಾನ್ ಗ್ರೀಸ್ ತೆಳ್ಳಗೆ ಹಚ್ಚಿ. ಬೇರಿಂಗಿನ ಗ್ರೀಸ್ ಬೇಡ, ಅದಕ್ಕೆ ರಬ್ಬರ್ ಊದಿ ಪಿನ್ ಇನ್ನೂ ಬಿಗಿ ಆಗ್ತದೆ.

ಪ್ಯಾಡ್ ಒತ್ತುವ ಪಿಸ್ಟನ್ ಒಳಗೆ ತಳ್ಳುವ ಮೊದಲು ಅದರ ಸುತ್ತ ಹಳೆ ಹಲ್ಲುಜ್ಜುವ ಬ್ರಶ್ಶಿಗೆ ಬ್ರೇಕ್ ಎಣ್ಣೆ ಅದ್ದಿ ಉಜ್ಜಿ. ಹೊಯ್ಗೆ ಸಮೇತ ತಳ್ಳಿದರೆ ಸೀಲ್ ಹರೀತದೆ. ತಳ್ಳುವಾಗ ಬ್ರೇಕ್ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ಮಟ್ಟ ನೋಡ್ತಾ ಇರಿ, ಎಣ್ಣೆ ಉಕ್ಕಿ ಪೇಂಟಿಗೆ ಬಿದ್ದರೆ ಪೇಂಟ್ ಏಳ್ತದೆ. ಎಷ್ಟು ನಂಬರಿನ ಎಣ್ಣೆ ಎಂದು ಮುಚ್ಚಳದ ಮೇಲೆಯೇ ಬರೆದಿರ್ತದೆ, ಡಾಟ್ 3 ಅಥವಾ ಡಾಟ್ 4. ಸಿಲಿಕಾನಿನ ಡಾಟ್ 5 ಇದಕ್ಕೆ ಬೆರೆಸಲೇಬಾರದು.

ಡಿಸ್ಕನ್ನು ಬ್ರೇಕ್ ಕ್ಲೀನರಿನಲ್ಲಿ, ಸಿಗದಿದ್ದರೆ ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ, ಎರಡೂ ಬದಿ ಒರೆಸಿ. ಪ್ಯಾಡ್ ಬರೀ ಹೊಳೆಯುತ್ತಿದ್ದರೆ 120 ನಂಬರಿನ ಮರಳು ಕಾಗದವನ್ನು ಗಾಜಿನ ಮೇಲೆ ಹಾಸಿ ಎಂಟರ ಆಕಾರದಲ್ಲಿ ಉಜ್ಜಿ. ಎಣ್ಣೆ ಹಿಡಿದಿದ್ದರೆ ಬಿಸಾಡಿ. ಬೆಂಕಿಗೆ ಹಿಡಿದು ಸುಡುವವರಿದ್ದಾರೆ, ಪೆಟ್ರೋಲಿನಲ್ಲಿ ನೆನೆಸುವವರಿದ್ದಾರೆ. ನಿಮ್ಮ ಗಾಡಿ ಲೋಡ್ ಎಳೆಯುವುದು, ಆ ಪ್ರಯೋಗ ಬೇಡ.

ಮಟ್ಟು ಗದ್ದೆ:

ಇವತ್ತು ಬಿಚ್ಚಿದೆ. ಹೊರಗಿನಿಂದ ಕಾಣುವ ಪ್ಯಾಡ್ ಹೊಸದರ ಹಾಗೆ ಉಂಟು, ಒಳಗಿನದ್ದು ತಗಡಿನ ಹತ್ತಿರ ಬಂದಿದೆ! ಕೆಳಗಿನ ಪಿನ್ ಅಲ್ಲಾಡಲೇ ಇಲ್ಲ, ತಿರುಗಿಸಿ ತಿರುಗಿಸಿ ತೆಗೆಯಬೇಕಾಯ್ತು. ಡಿಸ್ಕಿನಲ್ಲಿ ಚೈನ್ ಎಣ್ಣೆಯ ಕಪ್ಪು ಚುಕ್ಕೆಯೂ ಇತ್ತು. ಡಿಸ್ಕಿಗೆ ಉಗುರು ಎಳೆದರೆ ಸಣ್ಣ ಗೆರೆ ಸಿಗ್ತದೆ. ಅದನ್ನೂ ಬದಲಿಸಬೇಕಾ? ಮಲ್ಪೆಯವರು ಹೇಳಿದ ಸಿಂಟರ್ಡ್ ಆಗ್ತದಾ?

ಸ್ಪ್ಯಾನರ್ ಕಾಪು:

ಹಾಗಾದರೆ ಪಿನ್ನೇ ಕಾರಣ. ಕ್ಯಾಲಿಪರ್ ಸರಿಯದೆ ಪಿಸ್ಟನ್ ಬದಿಯ ಪ್ಯಾಡ್ ಒಂದೇ ಕೆಲಸ ಮಾಡಿದೆ. ಎರಡೂ ಪ್ಯಾಡ್ ಬದಲಿಸಿ, ಒಂದು ಹಳತು ಒಂದು ಹೊಸತು ಬೇಡ.

ಸಣ್ಣ ಗೆರೆಗೆ ಹೆದರಬೇಡಿ, ದಪ್ಪ ನೋಡಿ. ಹೆಚ್ಚಿನ ಡಿಸ್ಕಿನಲ್ಲಿ ಕನಿಷ್ಠ ದಪ್ಪ ಎಷ್ಟೆಂದು ಕೆತ್ತಿರ್ತದೆ, ಅದಕ್ಕಿಂತ ತೆಳು ಆಗಿದ್ದರೆ ಮಾತ್ರ ಹೊಸತು. ಸಿಂಟರ್ಡ್ ಬಗ್ಗೆ ಮಲ್ಪೆಯವರು ಹೇಳಿದ್ದು ಸರಿ, ಕೆಸರು-ಹೊಯ್ಗೆಯಲ್ಲಿ ಹೆಚ್ಚು ಬಾಳ್ತದೆ. ಆದರೆ ಅದು ಡಿಸ್ಕನ್ನು ಬೇಗ ತಿನ್ನುತ್ತದೆ, ಸದ್ದೂ ಸ್ವಲ್ಪ ಹೆಚ್ಚು. ಪಕ್ಕದ ಮನೆಯ ಅಜ್ಜಿಯ ವಿಷಯ ಹೇಳಿದಿರಲ್ಲ, ನಾನಾದರೆ ಆರ್ಗ್ಯಾನಿಕ್ (ನಾರು-ರಾಳದ ಮೆದು ಪ್ಯಾಡ್) ಹಾಕಿ ಪ್ರತಿ ಸೀಸನ್‌ಗೂ ಮೊದಲು ಪಿನ್ ಬಿಚ್ಚಿ ನೋಡ್ತೇನೆ.

ಪ್ಯಾಡ್ ಹಾಕಿದ ಮೇಲೆ ಗಾಡಿ ಹೊರಡಿಸುವ ಮೊದಲು ಬ್ರೇಕ್ ಗಟ್ಟಿ ಆಗುವವರೆಗೆ ಪಂಪ್ ಮಾಡಿ. ಇಲ್ಲದಿದ್ದರೆ ಮೊದಲ ಸಲ ಬ್ರೇಕೇ ಸಿಗುವುದಿಲ್ಲ. ಆಮೇಲೆ ಟ್ರೈಲರ್ ಇಲ್ಲದೆ, ಇಪ್ಪತ್ತು-ಮೂವತ್ತರ ಸ್ಪೀಡಿನಿಂದ ಮೆಲ್ಲ ಹಿಡಿದು ಬಿಡುವುದು, ನಡುವೆ ತಣಿಯಲು ಬಿಟ್ಟು ಹತ್ತು ಸಲ.

ಮಲ್ಪೆ ರೈಡರ್:

ಮುಂದಿನ ಡ್ರಮ್ ನನ್ನದರಲ್ಲಿ ಬೆಳಿಗ್ಗೆ ಮಾತ್ರ ಸದ್ದು ಮಾಡ್ತದೆ. ಅದಕ್ಕೂ ಇದೇ ಕ್ರಮವಾ?

ಸ್ಪ್ಯಾನರ್ ಕಾಪು:

ಎರಡು ಸಲ ಹಿಡಿದ ಮೇಲೆ ನಿಂತರೆ ಅದು ರಾತ್ರಿಯ ತೇವಕ್ಕೆ ಬಂದ ತೆಳು ತುಕ್ಕು, ಬಿಟ್ಟುಬಿಡಿ. ನಿಲ್ಲದಿದ್ದರೆ ಡ್ರಮ್ ತೆಗೆದು ಒಳಗಿನ ಹೊಯ್ಗೆ ಒರೆಸಿ. ಮಟ್ಟುವಿನವರೇ, ಚೈನಿಗೆ ಸ್ಪ್ರೇ ಮಾಡುವಾಗ ಡಿಸ್ಕಿಗೆ ಹಳೆ ಗೋಣಿ ಮುಚ್ಚಿ, ರಾತ್ರಿ ಎಣ್ಣೆ ಹಾಕಿ ಬೆಳಿಗ್ಗೆ ಹೆಚ್ಚಿನದ್ದನ್ನು ಒರೆಸಿ. ಗಾಡಿ ತೊಳೆಯುವುದು ಬಾವಿ ನೀರಿನಲ್ಲೇ ಆಗಲಿ, ಪ್ರೆಶರ್ ಪಂಪ್ ಕ್ಯಾಲಿಪರಿನ ರಬ್ಬರಿಗೆ ಹತ್ತಿರದಿಂದ ಹಿಡಿಯಬೇಡಿ.